ಅದೇ ಸಂಬಳ, ಬೇರೆ ತೆರಿಗೆ: ರಿಟರ್ನ್ ಸಮಯದಲ್ಲಿ ಸಹೋದ್ಯೋಗಿಗಳ ಜೊತೆ ಹೋಲಿಸಿ ನೋಡುವವರ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಮಧ್ಯದಲ್ಲಿ ಫಾರ್ಮ್ 16 (ವರ್ಷದ ಸಂಬಳ ಮತ್ತು ಅದರಿಂದ ಹಿಡಿದ ತೆರಿಗೆಯ ಲೆಕ್ಕ ತೋರಿಸಿ ಕಂಪನಿ ಕೊಡುವ ಪತ್ರ) ಕೈಗೆ ಬಂದ ದಿನದಿಂದ ರಿಟರ್ನ್ ಸಲ್ಲಿಸುವ ಗಡುವಾದ ಜುಲೈ 31ರವರೆಗೆ ಆಫೀಸಿನ ಕ್ಯಾಂಟೀನಿನಲ್ಲಿ, ಸ್ಟಾಫ್ ರೂಮಿನಲ್ಲಿ, ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೇ ಮಾತು: "ನಿಮಗೆಷ್ಟು ಟ್ಯಾಕ್ಸ್ ಬಂತು?" ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಕೊನೆಯ ಮೊತ್ತವೊಂದನ್ನೇ ಕೇಳಿಕೊಂಡು ಬಂದರೆ ಏನೂ ತಿಳಿಯುವುದಿಲ್ಲ. ಆ ಮೊತ್ತಕ್ಕೆ ಯಾವ ಸಾಲುಗಳಿಂದ ಬಂದರು ಎಂಬುದನ್ನು ನೋಡಬೇಕು.

ಕೆಳಗಿನ ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು, ಅಂದರೆ 2026-27ರ ಅಸೆಸ್‌ಮೆಂಟ್ ವರ್ಷಕ್ಕೆ ಸಲ್ಲಿಸುವ ರಿಟರ್ನ್‌ಗೆ ಸಂಬಂಧಿಸಿದ್ದು. ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದರೂ ಈ ವರ್ಷದ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯ. ಅದರಲ್ಲಿ ಲೆಕ್ಕ ಹಾಕಲು ಎರಡು ಪದ್ಧತಿಗಳಿವೆ: ಕಡಿತ, ವಿನಾಯಿತಿಗಳು ಹೆಚ್ಚಿರುವ ಹಳೇ ಪದ್ಧತಿ, ಮತ್ತು ದರ ಕಡಿಮೆ ಇದ್ದು ಕಡಿತಗಳೂ ಬಹಳ ಕಡಿಮೆ ಇರುವ ಹೊಸ ಪದ್ಧತಿ.

ನಮ್ಮಿಬ್ಬರ ಸಿಟಿಸಿ 18 ಲಕ್ಷವೇ. ಅವರಿಗಿಂತ ನನಗೆ ಯಾಕೆ ಜಾಸ್ತಿ ತೆರಿಗೆ?

ಸಿಟಿಸಿ ಎಂದರೆ ಕಂಪನಿಗೆ ನಿಮ್ಮಿಂದಾಗುವ ಒಟ್ಟು ಖರ್ಚು, ನಿಮ್ಮ ಸಂಬಳವಲ್ಲ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿಗೆಂದು ತೆಗೆದಿಡುವ ಹಣ (ಸಾಮಾನ್ಯವಾಗಿ ಮೂಲ ವೇತನದ ಶೇ 4.81), ಆರೋಗ್ಯ ವಿಮೆಯ ಪ್ರೀಮಿಯಂ, ಬರಬಹುದಾದ ಬೋನಸ್ ಎಲ್ಲವೂ ಅದರೊಳಗೆ ಸೇರಿರುತ್ತವೆ.

ಇಬ್ಬರದೂ ಮೂಲ ವೇತನ 7,20,000 ಎಂದುಕೊಳ್ಳಿ. ಒಂದು ಕಂಪನಿ ಪೂರ್ತಿ ಶೇ 12ರಂತೆ ವರ್ಷಕ್ಕೆ 86,400 ಪಿಎಫ್ ಕಟ್ಟುತ್ತದೆ. ಇನ್ನೊಂದು ಕಾನೂನಿನ 15,000ದ ಮಿತಿಗೆ ಮಾತ್ರ ಲೆಕ್ಕ ಹಾಕಿ ತಿಂಗಳಿಗೆ 1,800, ವರ್ಷಕ್ಕೆ 21,600 ಕಟ್ಟುತ್ತದೆ. ಉಳಿದ 64,800 ರೂಪಾಯಿ ಎರಡನೆಯವರ ಕೈಗೆ ಸಂಬಳವಾಗಿ ಬರುತ್ತದೆ, ಅದಕ್ಕೆ ತೆರಿಗೆಯೂ ಬೀಳುತ್ತದೆ. ಹೊಸ ಪದ್ಧತಿಯಲ್ಲಿ ಅವರು ಶೇ 20ರ ಸ್ಲ್ಯಾಬ್‌ನಲ್ಲಿರುವುದರಿಂದ ತೆರಿಗೆಯ ಮೇಲೆ ಬೀಳುವ ಶೇ 4ರ ಸೆಸ್ ಸೇರಿ 13,478 ರೂಪಾಯಿ ಹೆಚ್ಚುತ್ತದೆ. ಇಲ್ಲಿ ಯಾರಿಗೂ ಅನ್ಯಾಯವಾಗಿಲ್ಲ. ಮೊದಲನೆಯವರ ಹಣ ಪಿಎಫ್ ಖಾತೆಯಲ್ಲಿದೆ, ಎರಡನೆಯವರದು ಬ್ಯಾಂಕ್ ಖಾತೆಯಲ್ಲಿದೆ, ಅಷ್ಟೇ.

ಹಾಗಾದರೆ ಎರಡು ಫಾರ್ಮ್ 16 ಪಕ್ಕಪಕ್ಕ ಇಟ್ಟುಕೊಂಡು ಏನೇನು ನೋಡಬೇಕು?

ಭಾಗ 'ಬಿ' ತೆರೆಯಿರಿ. ಮೊದಲು ನೋಡಬೇಕಾದದ್ದು 115ಬಿಎಸಿ(1ಎ), ಅಂದರೆ ಹೊಸ ಪದ್ಧತಿಯಿಂದ ಹೊರಗುಳಿದಿದ್ದೀರಾ ಎಂಬ ಪ್ರಶ್ನೆಗೆ 'ಹೌದು' ಇದೆಯೋ 'ಇಲ್ಲ' ಇದೆಯೋ ಎಂಬುದನ್ನು. 'ಹೌದು' ಎಂದರೆ ಹಳೇ ಪದ್ಧತಿ. ಒಬ್ಬರದು ಹಳೇದು, ಇನ್ನೊಬ್ಬರದು ಹೊಸದಾದರೆ ಕೆಳಗಿನ ಯಾವ ಸಾಲೂ ಸರಿಹೊಂದುವುದಿಲ್ಲ. ಹೋಲಿಕೆಯನ್ನು ಅಲ್ಲೇ ನಿಲ್ಲಿಸಿ, ಇಬ್ಬರದನ್ನೂ ಒಂದೇ ಪದ್ಧತಿಯಲ್ಲಿ ಲೆಕ್ಕ ಹಾಕಿಕೊಂಡು ಮುಂದುವರಿಯಿರಿ. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಬಳಸಬಹುದಾದ ಟ್ಯಾಕ್ಸ್ ಕ್ಯಾಲ್ಕುಲೇಟರ್ ಇದೆ, ಅದು ಸಾಕು.

ಆಮೇಲೆ ಕ್ರಮವಾಗಿ: 17(1)ರ ಸಂಬಳ, 17(2)ರ ಸವಲತ್ತುಗಳ ಮೌಲ್ಯ, ಸೆಕ್ಷನ್ 10ರ ವಿನಾಯಿತಿಗಳು (ಮನೆ ಬಾಡಿಗೆ ಭತ್ಯೆ ಇಲ್ಲೇ ಬರುವುದು), ಸೆಕ್ಷನ್ 16ರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆ ಸಿಗುವ ನಿಗದಿತ ಕಡಿತ) ಮತ್ತು ವೃತ್ತಿ ತೆರಿಗೆ, ನಂತರ 80ಸಿ (ಪಿಎಫ್, ಜೀವವಿಮೆಯಂಥ ಉಳಿತಾಯ), 80ಡಿ (ಆರೋಗ್ಯ ವಿಮೆ) ಇತ್ಯಾದಿ ಕಡಿತಗಳು. ಇವುಗಳಲ್ಲಿ ಎಲ್ಲಿ ಮೊದಲ ಬಾರಿ ಅಂಕಿ ಬೇರೆಯಾಗುತ್ತದೋ ಅಲ್ಲೇ ಬಹುತೇಕ ಉತ್ತರ ಸಿಗುತ್ತದೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಅದಕ್ಕಿಂತ ಹೆಚ್ಚು ಸಂಬಳ ಇರುವವರಿಗೆ ವೃತ್ತಿ ತೆರಿಗೆ ಹನ್ನೊಂದು ತಿಂಗಳು 200, ಫೆಬ್ರುವರಿಯಲ್ಲಿ 300, ಒಟ್ಟು 2,500. ಇದು ಹಳೇ ಪದ್ಧತಿಯಲ್ಲಿ ಮಾತ್ರ ಆದಾಯದಿಂದ ಕಳೆಯುತ್ತದೆ.

ಪೇಸ್ಲಿಪ್‌ನ 'ಕೈಗೆ ಬರುವ ಸಂಬಳ'ವನ್ನು ಹೋಲಿಸಲೇಬೇಡಿ. ಅದರಲ್ಲಿ ಸೊಸೈಟಿ ಸಾಲದ ಕಂತು, ಸ್ವಇಚ್ಛೆಯ ಪಿಎಫ್, ಸರ್ಕಾರಿ ನೌಕರರಾದರೆ ಕೆಜಿಐಡಿ (ರಾಜ್ಯ ಸರ್ಕಾರಿ ವಿಮೆ) ಕಂತು ಎಲ್ಲ ಕಳೆದಿರುತ್ತವೆ. ಅವು ಖರ್ಚು ಅಥವಾ ಉಳಿತಾಯ, ತೆರಿಗೆಯಲ್ಲ.

ಅವರು ಹಳೇ ಪದ್ಧತಿಯಲ್ಲಿ ಉಳಿಸಿದರಂತೆ. ನಾನೂ ಅದಕ್ಕೇ ಹೋಗಲೇ?

ಅವರ ಲೆಕ್ಕ ಅವರಿಗೆ. ನಿಮ್ಮ ಕಡಿತಗಳು ಎಷ್ಟಾಗುತ್ತವೆ ಎಂದು ನೋಡದೆ ನಿರ್ಧರಿಸಬೇಡಿ.

ಒಟ್ಟು ಸಂಬಳ 15 ಲಕ್ಷ ಎಂದಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 14,25,000. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, 8 ಲಕ್ಷದವರೆಗೆ ಶೇ 5, 12 ಲಕ್ಷದವರೆಗೆ ಶೇ 10, 16 ಲಕ್ಷದವರೆಗೆ ಶೇ 15. ತೆರಿಗೆ 93,750, ಶೇ 4ರ ಸೆಸ್ ಸೇರಿ 97,500.

ಈಗ ಅದೇ ಸಂಬಳದವರು ಹಳೇ ಪದ್ಧತಿಯಲ್ಲಿ ಬಾಡಿಗೆ ಭತ್ಯೆಗೆ 2,30,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500, 80ಸಿ ಪೂರ್ತಿ 1,50,000, ತಮ್ಮ ಹಾಗೂ 60 ದಾಟಿದ ಅಪ್ಪ-ಅಮ್ಮನ ಆರೋಗ್ಯ ವಿಮೆಗೆ 75,000 ತೋರಿಸಿದರೂ ತೆರಿಗೆಗೆ ಒಳಪಡುವ ಆದಾಯ 9,92,500. ತೆರಿಗೆ ಸೆಸ್ ಸೇರಿ 1,15,440. ಐದು ಲಕ್ಷಕ್ಕೂ ಹೆಚ್ಚು ಕಡಿತ ತೋರಿಸಿಯೂ ಹೊಸ ಪದ್ಧತಿಗಿಂತ 17,940 ರೂಪಾಯಿ ಜಾಸ್ತಿಯೇ ಕಟ್ಟಬೇಕು.

15 ಲಕ್ಷ ಸಂಬಳಕ್ಕೆ ಎರಡೂ ಸಮ ಆಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 5,43,750 ರೂಪಾಯಿಯಷ್ಟು ಕಡಿತ ಬೇಕು. 24 ಲಕ್ಷಕ್ಕೆ 7,87,500. ಇಷ್ಟು ದಾಟುವವರು ಸಾಮಾನ್ಯವಾಗಿ ದೊಡ್ಡ ಬಾಡಿಗೆ ಕಟ್ಟುವವರು, ಅಥವಾ ಬಾಡಿಗೆಯ ಜೊತೆಗೆ ಗೃಹಸಾಲದ ಬಡ್ಡಿಯೂ (ಸ್ವಂತ ವಾಸದ ಮನೆಗೆ 2 ಲಕ್ಷದವರೆಗೆ) ಇರುವವರು. ನಿಮ್ಮ ಸಹೋದ್ಯೋಗಿ ಅಂಥವರಾಗಿರಬಹುದು. 80ಸಿ ತುಂಬಿಸಲೆಂದು ಮಾರ್ಚ್‌ನಲ್ಲಿ ಅವಸರಕ್ಕೆ ಬೇಡದ ವಿಮೆ ಪಾಲಿಸಿ ತೆಗೆದುಕೊಳ್ಳುವುದು ಮಾತ್ರ ಈಗ ಹಲವರ ಪಾಲಿಗೆ ಶುದ್ಧ ನಷ್ಟ. ಹೊಸ ಪದ್ಧತಿಯಲ್ಲಿ ಅದಕ್ಕೆ ಒಂದು ರೂಪಾಯಿಯ ಕಡಿತವೂ ಇಲ್ಲ.

ವರ್ಷದ ಮೊದಲಿಗೆ ಕಂಪನಿಗೆ ಕೊಟ್ಟ ಪದ್ಧತಿಯ ಆಯ್ಕೆ ಟಿಡಿಎಸ್‌ಗೆ (ಹಣ ಕೊಡುವಾಗಲೇ ಹಿಡಿಯುವ ತೆರಿಗೆಗೆ) ಮಾತ್ರ. ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದ ಸಂಬಳದಾರರು ರಿಟರ್ನ್ ಸಲ್ಲಿಸುವಾಗ ಬದಲಾಯಿಸಬಹುದು, ಪ್ರತಿ ವರ್ಷವೂ. ಆದರೆ ಗಡುವಿನೊಳಗೆ ಸಲ್ಲಿಸಬೇಕು. ತಡವಾದ ರಿಟರ್ನ್‌ನಲ್ಲಿ ಹಳೇ ಪದ್ಧತಿ ಸಿಗುವುದಿಲ್ಲ, ಮೇಲೆ 5,000 ರೂಪಾಯಿ ತಡಶುಲ್ಕ (ಆದಾಯ 5 ಲಕ್ಷದೊಳಗಿದ್ದರೆ 1,000).

ಹೊಸ ಪದ್ಧತಿಯಲ್ಲಿ ಎಲ್ಲರಿಗೂ ಒಂದೇ ತೆರಿಗೆ ಅಲ್ಲವೇ? ಅವರದು ಹೇಗೆ ಕಡಿಮೆಯಾಯಿತು?

ಹೆಚ್ಚಾಗಿ ಕಂಪನಿಯ ಕಡೆಯಿಂದ ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆಗೆ) ಹೋಗುವ ಹಣದಿಂದ. ಅದಕ್ಕೆ ಸಿಗುವ 80ಸಿಸಿಡಿ(2) ಕಡಿತ ಹೊಸ ಪದ್ಧತಿಯಲ್ಲೂ ಉಳಿದುಕೊಂಡಿದೆ: ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ. ಮೇಲಿನ 15 ಲಕ್ಷದೊಳಗೇ, 7 ಲಕ್ಷ ಮೂಲ ವೇತನದ ಮೇಲೆ 98,000 ರೂಪಾಯಿಯನ್ನು ಕಂಪನಿ ಎನ್‌ಪಿಎಸ್‌ಗೆ ಹಾಕಿದರೆ ತೆರಿಗೆ 97,500ರಿಂದ ಸುಮಾರು 82,210ಕ್ಕೆ ಇಳಿಯುತ್ತದೆ. ನೀವೇ ನಿಮ್ಮ ಖಾತೆಯಿಂದ ಎನ್‌ಪಿಎಸ್‌ಗೆ ಹಾಕಿದರೆ ಈ ಲಾಭ ಇಲ್ಲ; ಹಣ ಕಂಪನಿಯ ಮೂಲಕವೇ ಹೋಗಬೇಕು. ಎಷ್ಟೋ ಕಂಪನಿಗಳಲ್ಲಿ ಈ ಸೌಲಭ್ಯ ಇದ್ದರೂ ಕೇಳಿದವರಿಗೆ ಮಾತ್ರ ಕೊಡುತ್ತಾರೆ. ಏಪ್ರಿಲ್‌ನಲ್ಲಿ ಎಚ್‌ಆರ್ ವಿಭಾಗವನ್ನು ಕೇಳಿ. ಆ ಹಣದ ಬಹುಭಾಗ ನಿವೃತ್ತಿಯವರೆಗೆ ಕೈಗೆ ಸಿಗದು ಎಂಬುದನ್ನೂ ನೆನಪಿಟ್ಟುಕೊಂಡೇ ನಿರ್ಧರಿಸಿ.

ಚೆನ್ನೈ ಕಚೇರಿಯವರಿಗೆ ಬಾಡಿಗೆ ವಿನಾಯಿತಿ ಜಾಸ್ತಿ ಸಿಕ್ಕಿದೆ. ಬಾಡಿಗೆ ಇಬ್ಬರದೂ ಒಂದೇ.

2025-26ರ ನಿಯಮದಲ್ಲಿ ಮೂಲ ವೇತನದ ಶೇ 50 ಸಿಗುವುದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಬೆಂಗಳೂರಿಗೆ ಶೇ 40. ಮೂಲ ವೇತನ ತಿಂಗಳಿಗೆ 60,000, ಭತ್ಯೆ 30,000, ಬಾಡಿಗೆ 32,000 ಇದ್ದರೆ, ಬಾಡಿಗೆಯಲ್ಲಿ ಮೂಲ ವೇತನದ ಶೇ 10 ಕಳೆದು ಉಳಿಯುವುದು 26,000. ಮೂಲ ವೇತನದ ಆ ಶೇಕಡಾ ಪಾಲು, ಬಂದ ಭತ್ಯೆ, ಈ 26,000, ಮೂರರಲ್ಲಿ ಕಡಿಮೆ ಯಾವುದೋ ಅದೇ ವಿನಾಯಿತಿ: ಚೆನ್ನೈನವರಿಗೆ 26,000, ಬೆಂಗಳೂರಿನವರಿಗೆ 24,000. ಲೆಕ್ಕಕ್ಕೆ ಬರುವುದು ಬಾಡಿಗೆ ಮನೆ ಇರುವ ಊರು, ಕಚೇರಿ ಇರುವ ಊರಲ್ಲ.

ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಬೇಕು. ತಿಂಗಳ ಬಾಡಿಗೆ 50,000 ದಾಟಿದರೆ ನೀವೇ ಶೇ 2ರಷ್ಟು ಟಿಡಿಎಸ್ ಹಿಡಿದು ಕಟ್ಟಬೇಕು. ಇದನ್ನು ಮರೆಯುವವರು ಬಹಳ. ಅಪ್ಪ-ಅಮ್ಮನ ಮನೆಯಲ್ಲಿದ್ದು ಅವರಿಗೆ ಬಾಡಿಗೆ ಕೊಡುವುದಕ್ಕೆ ಕಾನೂನಿನಲ್ಲಿ ಅಡ್ಡಿಯಿಲ್ಲ, ಆದರೆ ಹಣ ನಿಜವಾಗಿ ಬ್ಯಾಂಕ್ ಮೂಲಕ ಹೋಗಬೇಕು, ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು.

12 ಲಕ್ಷದವರೆಗೆ ತೆರಿಗೆ ಇಲ್ಲ ಅಂದರು. ಗೆಳತಿಗೆ ಸೊನ್ನೆ ಬಂತು, ನನಗೆ 20,800 ಬಂತು!

ಷೇರು ಮಾರಿದ್ದೀರಾ? 12 ಲಕ್ಷದವರೆಗೆ ತೆರಿಗೆಯನ್ನು ಸೊನ್ನೆ ಮಾಡುವ 87ಎ ರಿಯಾಯಿತಿ ಸ್ಲ್ಯಾಬ್ ಪ್ರಕಾರ ಬರುವ ತೆರಿಗೆಗೆ ಮಾತ್ರ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಸಂಬಳದಿಂದ 11 ಲಕ್ಷ, ಒಂದು ವರ್ಷದೊಳಗೆ ಮಾರಿದ ಲಿಸ್ಟೆಡ್ ಷೇರುಗಳಿಂದ 1 ಲಕ್ಷ ಲಾಭ ಎಂದಾದರೆ, ಸಂಬಳದ ತೆರಿಗೆ 50,000 ಪೂರ್ತಿ ಮನ್ನಾ ಆಗುತ್ತದೆ. ಷೇರು ಲಾಭಕ್ಕೆ ಶೇ 20 ಹಾಗೇ ನಿಲ್ಲುತ್ತದೆ: 20,000, ಜೊತೆಗೆ 800 ಸೆಸ್. ವರ್ಷ ದಾಟಿಸಿ ಮಾರಿದ್ದರೆ 1,25,000ದವರೆಗಿನ ಲಾಭಕ್ಕೆ ತೆರಿಗೆಯೇ ಇರಲಿಲ್ಲ, ಅದರ ಮೇಲಿನದಕ್ಕೆ ಶೇ 12.5.

ಸಂಬಳ ಮಾತ್ರ ಇದ್ದು ಗಡಿ ಸ್ವಲ್ಪ ದಾಟಿದವರಿಗೂ ಗಾಬರಿಯಾಗುತ್ತದೆ. ತೆರಿಗೆಗೊಳಪಡುವ ಆದಾಯ 12,10,000 ಆದರೆ ಸ್ಲ್ಯಾಬ್ ಪ್ರಕಾರ 61,500 ಆಗಬೇಕು. ಆದರೆ ಮಾರ್ಜಿನಲ್ ರಿಲೀಫ್ ಇರುವುದರಿಂದ ದಾಟಿದ 10,000ಕ್ಕಿಂತ ಹೆಚ್ಚು ಕಟ್ಟಬೇಕಿಲ್ಲ. ಸೆಸ್ ಸೇರಿ 10,400. ಈ ಆಸರೆ ಸುಮಾರು 12,70,588ರವರೆಗೆ ಇರುತ್ತದೆ.

ಇನ್‌ಕ್ರಿಮೆಂಟ್‌ನಿಂದ ಮೇಲಿನ ಸ್ಲ್ಯಾಬ್‌ಗೆ ಹೋದರೆ ನಷ್ಟವೇ?

ಇಲ್ಲ. ಮೇಲಿನ ದರ ಬೀಳುವುದು ಆ ಗಡಿ ದಾಟಿದ ಹಣಕ್ಕೆ ಮಾತ್ರ. "ನಾನು 30 ಪರ್ಸೆಂಟ್ ಟ್ಯಾಕ್ಸ್ ಕಟ್ಟುತ್ತೇನೆ" ಎನ್ನುವವರು ಒಟ್ಟು ತೆರಿಗೆಯನ್ನು ಒಟ್ಟು ಸಂಬಳದಿಂದ ಭಾಗಿಸಿ ನೋಡಲಿ. 24 ಲಕ್ಷ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ 2,92,500, ಅಂದರೆ ಶೇ 12ರ ಆಸುಪಾಸು. ಇಬ್ಬರನ್ನು ಹೋಲಿಸಲು ಸ್ಲ್ಯಾಬ್‌ಗಿಂತ ಈ ಸರಾಸರಿ ದರವೇ ಸರಿಯಾದ ಅಳತೆ.

ಅವರಿಗೆ 60,000 ರಿಫಂಡ್ ಬಂತಂತೆ. ನನಗೆ ಏನೂ ಬರಲಿಲ್ಲ.

ರಿಫಂಡ್ ಎಂದರೆ ಲಾಭವಲ್ಲ. ವರ್ಷವಿಡೀ ಅವರಿಂದ ಹೆಚ್ಚು ಹಿಡಿದುಕೊಂಡಿದ್ದ ಹಣ ವಾಪಸ್ ಬಂದಿದೆ. ನಿಮ್ಮ ಟಿಡಿಎಸ್ ಸರಿಯಾಗಿ ಹಿಡಿದಿದ್ದರೆ ಸೊನ್ನೆ ಬರುವುದೇ ಸರಿ.

ಈ ವಿಷಯದಲ್ಲಿ ನಮಗೆ ನಿಜವಾದ ಆತಂಕ ಬೇರೆಯದು. "ನನ್ನ ಏಜೆಂಟ್ ಎಲ್ಲರಿಗೂ ರಿಫಂಡ್ ಮಾಡಿಸಿಕೊಡುತ್ತಾನೆ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಟ್ಟರೆ ಸಾಕು" ಎಂಬ ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಇಲ್ಲದ ಬಾಡಿಗೆ, ಕೊಡದ ದೇಣಿಗೆ, ಕಟ್ಟದ ವಿಮೆ ತೋರಿಸಿಯೇ ಅಂಥ ರಿಫಂಡ್ ಹುಟ್ಟುವುದು. 2025ರ ಜುಲೈನಲ್ಲಿ ಇಲಾಖೆ ದೇಶದ ಹಲವೆಡೆ ಇಂಥ ಮಧ್ಯವರ್ತಿಗಳ ಮೇಲೆ ಪರಿಶೀಲನೆ ನಡೆಸಿತು. ರಿಟರ್ನ್ ಯಾರೇ ತುಂಬಿರಲಿ, ಹೊಣೆ ಪ್ಯಾನ್ ಯಾರದೋ ಅವರದು. ಸುಳ್ಳು ಮಾಹಿತಿ ಕೊಟ್ಟು ಆದಾಯ ಕಡಿಮೆ ತೋರಿಸಿದ್ದಕ್ಕೆ 270ಎ ಅಡಿ ದಂಡ ಅದರ ಮೇಲಿನ ತೆರಿಗೆಯ ಶೇ 200.

ಕೆಲಸ ಬದಲಾಯಿಸಿದೆ. ಜೊತೆಗಿದ್ದವರಿಗೆ ಬಾಕಿ ಇಲ್ಲ, ನನಗೆ ಲಕ್ಷದ ಹತ್ತಿರ ಬಾಕಿ ತೋರಿಸುತ್ತಿದೆ.

ಇದು ಪ್ರತಿ ವರ್ಷ ಬಹಳ ಜನರನ್ನು ಬೀಳಿಸುವ ಗುಂಡಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಮೊದಲ ಆರು ತಿಂಗಳು ತಿಂಗಳಿಗೆ 1 ಲಕ್ಷ ಸಂಬಳ ಎಂದುಕೊಳ್ಳಿ. ಆ ಕಂಪನಿ ವರ್ಷಕ್ಕೆ 12 ಲಕ್ಷ ಎಂದು ಲೆಕ್ಕ ಹಾಕಿ, ತೆರಿಗೆ ಸೊನ್ನೆಯಾದ್ದರಿಂದ ಏನೂ ಹಿಡಿಯಲಿಲ್ಲ. ಮುಂದಿನ ಆರು ತಿಂಗಳು ಹೊಸ ಕಂಪನಿಯಲ್ಲಿ 1.5 ಲಕ್ಷ. ಅವರಿಗೆ ಕಂಡದ್ದು ಒಟ್ಟು 9 ಲಕ್ಷ, ಅವರೂ ಹಿಡಿಯಲಿಲ್ಲ. ಎರಡೂ ಸೇರಿದರೆ 15 ಲಕ್ಷ, ತೆರಿಗೆ 97,500. ಇಬ್ಬರೂ ಬೇರೆ ಬೇರೆಯಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟು, ಸ್ಲ್ಯಾಬ್ ಸೊನ್ನೆಯಿಂದ ಆರಂಭಿಸಿ, ರಿಯಾಯಿತಿಯನ್ನೂ ಕೊಟ್ಟಿದ್ದಾರೆ. ಅದು ಸಿಗುವುದು ಒಬ್ಬರಿಗೆ ಒಂದೇ ಸಲ.

ತಪ್ಪಿಸಲು ದಾರಿ: ಹೊಸ ಕಂಪನಿಗೆ ಸೇರಿದ ತಿಂಗಳಲ್ಲೇ ಹಿಂದಿನ ಸಂಬಳ ಮತ್ತು ಟಿಡಿಎಸ್ ವಿವರವನ್ನು ಫಾರ್ಮ್ 12ಬಿಯಲ್ಲಿ ಕೊಡಿ. ತಪ್ಪಿ ಹೋಗಿದ್ದರೆ ಮಾರ್ಚ್ 31ರೊಳಗೆ ಮುಂಗಡ ತೆರಿಗೆಯಾಗಿ ಕಟ್ಟಿ. ಅದೂ ಆಗದಿದ್ದರೆ ರಿಟರ್ನ್‌ಗೆ ಮುಂಚೆ ಸ್ವಯಂ ಮೌಲ್ಯಮಾಪನ ತೆರಿಗೆ ಕಟ್ಟಬೇಕು, 234ಬಿ ಅಡಿ ತಿಂಗಳಿಗೆ ಶೇ 1ರ ಬಡ್ಡಿ ಮತ್ತು ಮುಂಗಡ ತೆರಿಗೆಯ ಕಂತು ತಪ್ಪಿದ್ದಕ್ಕೆ 234ಸಿ ಬಡ್ಡಿಯ ಜೊತೆಗೆ. ಒಂದೇ ಫಾರ್ಮ್ 16 ಹಾಕಿ ಸುಮ್ಮನಾಗಬಹುದು ಎಂದುಕೊಳ್ಳಬೇಡಿ. ಎರಡೂ ಸಂಬಳ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಕಾಣುತ್ತಿರುತ್ತವೆ.

ಒಂದೇ ಹುದ್ದೆ, ಒಂದೇ ಸಂಬಳ. ಆದರೆ ಅವರ ಟಿಡಿಎಸ್ ನನ್ನದರ ಎರಡರಷ್ಟಿದೆ.

ಬೆಂಗಳೂರಿನ ಐಟಿ ಕಂಪನಿಗಳಲ್ಲಾದರೆ ಮೊದಲು ಆರ್‌ಎಸ್‌ಯು (ಸಂಬಳದ ಭಾಗವಾಗಿ ಕಂಪನಿ ಕೊಡುವ ಷೇರು) ಇದೆಯೇ ಕೇಳಿ. ಷೇರು ನಿಮ್ಮ ಹೆಸರಿಗೆ ಬಂದ ದಿನದ ಬೆಲೆ ಪೂರ್ತಿ ಸಂಬಳವೇ. 17(2)ರಲ್ಲಿ ಬರುತ್ತದೆ, ಫಾರ್ಮ್ 12ಬಿಎಯಲ್ಲಿ ವಿವರ ಇರುತ್ತದೆ. ತೆರಿಗೆಗೆಂದು ಒಂದಷ್ಟು ಷೇರನ್ನು ಅಲ್ಲೇ ಮಾರಿ ಟಿಡಿಎಸ್‌ಗೆ ಜಮಾ ಮಾಡುತ್ತಾರೆ, ಹಾಗಾಗಿ ಟಿಡಿಎಸ್ ದೊಡ್ಡದು. ಮುಂದೆ ಉಳಿದದ್ದನ್ನು ಮಾರಿದಾಗ ಆ ದಿನದ ಬೆಲೆಗಿಂತ ಹೆಚ್ಚಾದದ್ದು ಮಾತ್ರ ಬಂಡವಾಳ ಲಾಭ. ಮೊದಲ ಬೆಲೆಯನ್ನು ಸೊನ್ನೆ ಎಂದು ಹಾಕಿ ಅದೇ ಹಣಕ್ಕೆ ಎರಡು ಸಲ ತೆರಿಗೆ ಕಟ್ಟಿದವರಿದ್ದಾರೆ. ವಿದೇಶಿ ಕಂಪನಿಯ ಷೇರಾದರೆ ಸರಳ ರಿಟರ್ನ್ ನಮೂನೆಯಾದ ಐಟಿಆರ್-1 ಆಗದು, ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ತುಂಬಲೇಬೇಕು, ಅದೂ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕದಲ್ಲಿ. ಅಮೆರಿಕದಲ್ಲಿ ಲಾಭಾಂಶದಿಂದ ಹಿಡಿದ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳಲು ಫಾರ್ಮ್ 67 ಬೇಕು.

ಪಕ್ಕದ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೂ ದುಡಿಯುತ್ತಾರೆ. ಮನೆ ಆದಾಯ ನಮ್ಮಷ್ಟೇ, ತೆರಿಗೆ ಸೊನ್ನೆ.

ಭಾರತದಲ್ಲಿ ದಂಪತಿಗೆ ಜಂಟಿ ರಿಟರ್ನ್ ಇಲ್ಲ. ಇಬ್ಬರೂ ತಲಾ 12,75,000 ಸಂಬಳ ತಂದರೆ ಇಬ್ಬರಿಗೂ ಸೊನ್ನೆ. ಅದೇ 25,50,000ವನ್ನು ಒಬ್ಬರೇ ತಂದರೆ ತೆರಿಗೆ 3,35,400. ಒಬ್ಬರ ದುಡಿಮೆಯ ಮನೆಗೆ ಇದು ದೊಡ್ಡ ಹೊರೆ, ಆ ಬೇಸರ ನ್ಯಾಯವಾದದ್ದೇ. ಆದರೆ ಹೆಂಡತಿಯ ಹೆಸರಿಗೆ ಹಣ ಹಾಕಿ ಎಫ್‌ಡಿ ಮಾಡಿದರೆ ಪರಿಹಾರ ಸಿಗದು. ಸೆಕ್ಷನ್ 64ರ ಪ್ರಕಾರ ಆ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ.

ಫ್ರೀಲಾನ್ಸ್ ಮಾಡುವ ಸ್ನೇಹಿತ 24 ಲಕ್ಷ ದುಡಿದು ಸೊನ್ನೆ ಕಟ್ಟಿದ್ದು ನಿಜವೇ?

ಇರಬಹುದು. ವೈದ್ಯರು, ವಕೀಲರು, ಎಂಜಿನಿಯರ್‌ಗಳು, ತಾಂತ್ರಿಕ ಸಲಹೆಗಾರರು ಮೊದಲಾದ ಗೊತ್ತುಪಡಿಸಿದ ವೃತ್ತಿಯವರು 44ಎಡಿಎ ಅಡಿ ಬಂದ ಹಣದ ಕನಿಷ್ಠ ಅರ್ಧವನ್ನು ಆದಾಯವೆಂದು ತೋರಿಸಬಹುದು. 24 ಲಕ್ಷದ ಅರ್ಧ 12 ಲಕ್ಷ, ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಆದರೆ ಅವರಿಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳದ ರಜೆ ಇಲ್ಲ. 20 ಲಕ್ಷ ದಾಟಿದ್ದಕ್ಕೆ ಜಿಎಸ್‌ಟಿ ನೋಂದಣಿ ಬೇಕು. ಇದ್ದ ಕಂಪನಿಯಲ್ಲೇ ಅದೇ ಕೆಲಸ, ಅದೇ ಸಮಯಕ್ಕೆ ಮಾಡುತ್ತ ಕಾಗದದಲ್ಲಿ ಮಾತ್ರ 'ಸಲಹೆಗಾರ' ಆಗುವುದು ಅಪಾಯ. ಇಲಾಖೆ ಅದನ್ನು ಸಂಬಳವೆಂದೇ ಪರಿಗಣಿಸಬಹುದು.

ಊರಲ್ಲಿ ತೋಟ ಇರುವವರ ಜೊತೆಗಿನ ಹೋಲಿಕೆಯೂ ಹೀಗೆಯೇ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಅದು 5,000 ದಾಟಿ, ಉಳಿದ ಆದಾಯ ತೆರಿಗೆಯ ಮೂಲಮಿತಿ ದಾಟಿದರೆ ದರ ನಿರ್ಧರಿಸಲು ಅದನ್ನೂ ಸೇರಿಸುತ್ತಾರೆ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ತಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ ನಿಯಮ 7ಬಿ ಪ್ರಕಾರ ಲಾಭದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ತೆರಿಗೆಗೆ ಬರುತ್ತದೆ.

ಸಹೋದ್ಯೋಗಿಯ ರಿಟರ್ನ್ ನೋಡಲು ಆರ್‌ಟಿಐ ಹಾಕಬಹುದೇ?

ಆಗದು. ರಿಟರ್ನ್‌ನ ವಿವರ ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಸರ್ಕಾರಿ ನೌಕರರ ಮಾಸಿಕ ವೇತನ ಬೇರೆ ಮಾತು, ಅದನ್ನು ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕೆಂದು ಆರ್‌ಟಿಐ ಕಾಯ್ದೆಯೇ ಹೇಳುತ್ತದೆ. ನಾರ್ವೆಯಲ್ಲಿ ಎಲ್ಲರ ಆದಾಯ, ತೆರಿಗೆ ಸಾರ್ವಜನಿಕ. ಆದರೆ 2014ರಿಂದ ಯಾರು ಹುಡುಕಿದರು ಎಂಬುದು ಹುಡುಕಿಸಿಕೊಂಡವರಿಗೆ ತಿಳಿಯುತ್ತದೆ.

ಸಂಬಳ ಕೇಳುವುದು, ಹೇಳುವುದು ಒಳ್ಳೆಯದೇ?

ಕೆಲಸಕ್ಕೆ ಬರುವಂತೆ ಕೇಳಿದರೆ ಒಳ್ಳೆಯದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಹೋದ್ಯೋಗಿಗಳ ಸಂಬಳ ತಿಳಿದ ಮೇಲೆ ತಮ್ಮದು ಕಡಿಮೆ ಎಂದು ಗೊತ್ತಾದವರ ತೃಪ್ತಿ ಕುಗ್ಗಿತು, ಬೇರೆ ಕೆಲಸ ಹುಡುಕುವ ಮನಸ್ಸಾಯಿತು. ಹೆಚ್ಚು ಇದ್ದವರಿಗೆ ಹೆಚ್ಚಿನ ಸಂತೋಷವೇನೂ ಆಗಲಿಲ್ಲ. ಹಾಗಾಗಿ ಮೊತ್ತ ಕೇಳುವ ಬದಲು ರಚನೆ ಕೇಳಿ: "ನಿಮ್ಮಲ್ಲಿ ಮೂಲ ವೇತನ ಶೇಕಡ ಎಷ್ಟು? ಎನ್‌ಪಿಎಸ್ ಇದೆಯಾ? ಯಾವ ಪದ್ಧತಿ ತಗೊಂಡ್ರಿ?" ಇದಕ್ಕೆ ಯಾರೂ ಮುಜುಗರಪಡುವುದಿಲ್ಲ, ನಿಮಗೂ ಉಪಯೋಗ. ನೇಮಕಾತಿ ಪತ್ರದಲ್ಲಿ ಸಂಬಳ ಗೋಪ್ಯವಾಗಿಡುವ ಷರತ್ತು ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಅದೇ ಕೆಲಸಕ್ಕೆ ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೊಟ್ಟಿದ್ದಾರೆ ಎಂದು ಗೊತ್ತಾದರೆ ಅದು ಬರೀ ಹೋಲಿಕೆಯ ಮಾತಲ್ಲ. 1976ರಿಂದಲೂ ಅದು ಕಾನೂನಿಗೆ ವಿರುದ್ಧ.

ಹೋಲಿಸಿದ ಮೇಲೆ ನನ್ನ ರಿಟರ್ನ್‌ನಲ್ಲೇ ಏನೋ ಬಿಟ್ಟುಹೋಗಿದೆ ಎಂದು ಗೊತ್ತಾಯಿತು. ಈಗ?

ಪರಿಷ್ಕೃತ ರಿಟರ್ನ್ ಹಾಕಿ. ಬಿಟ್ಟುಹೋದ ಕಡಿತ ಸೇರಿಸಲೂಬಹುದು, ಮರೆತ ಎಫ್‌ಡಿ ಬಡ್ಡಿ ತೋರಿಸಲೂಬಹುದು. ಅದರ ಅವಧಿ ಮುಗಿದ ಮೇಲೆ ಉಳಿಯುವುದು ಐಟಿಆರ್-ಯು (ನವೀಕೃತ ರಿಟರ್ನ್) ಮಾತ್ರ. ಅದು ಹೆಚ್ಚುವರಿ ತೆರಿಗೆ ಕಟ್ಟುವವರಿಗೆ, ಅದರಲ್ಲಿ ರಿಫಂಡ್ ಕೇಳಲು ಬರುವುದಿಲ್ಲ. ಪರಿಷ್ಕೃತ ರಿಟರ್ನ್ ಹಾಕಿದ ಮೇಲೂ 30 ದಿನದೊಳಗೆ ಆಧಾರ್ ಒಟಿಪಿ ಅಥವಾ ನೆಟ್‌ಬ್ಯಾಂಕಿಂಗ್ ಮೂಲಕ ಇ-ವೆರಿಫೈ ಮಾಡಬೇಕು. ಮೊದಲ ರಿಟರ್ನ್‌ಗೆ ಮಾಡಿದ್ದು ಇದಕ್ಕೆ ಸಲ್ಲುವುದಿಲ್ಲ.